ಹಿತ್ತಲ ಜೌಗು

ಭಾನುವಾರ, ಅಕ್ಟೋಬರ್ ೧೨

ಪ್ರೀತಿಯ ಅಕ್ಕ,

ನೀನು, ಭಾವ, ನಿನ್ನ ಮಡಿಲಿಗೆ ಬಂದು ಕೂತಿರುವ ಆ ಹೊಸ ಯಜಮಾನಿ, ಮೂವರೂ ಸುಖವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಕಾಗದಗಳೆಲ್ಲ ಬಂದಿವೆ. ಒಂದಕ್ಕೂ ಉತ್ತರ ಬರೆಯದೆ ಕೂತವಳ ಮೇಲೆ ನೀನು ಎಷ್ಟು ಕೋಪ ಮಾಡಿಕೊಂಡರೂ ಕಡಿಮೆಯೇ. "ಮೊಂಡಿ, ಕೈ ಬಿದ್ದುಹೋಗಿದೆಯೇನೇ ನಿನಗೆ? ಮಗು ನೋಡೋಕೆ ಬರಲಿಲ್ಲ, ಫೋನ್ ಮಾಡಿದ್ರೆ ಎತ್ತಲ್ಲ, ನಾನೇನು ತಪ್ಪು ಮಾಡಿದೆ?" ಎಂದು ಕಳೆದ ಸಲ ಬರೆದಿದ್ದೆ. ನೀನು ಏನೂ ತಪ್ಪು ಮಾಡಿಲ್ಲ ಅಕ್ಕ. ಅದನ್ನು ಮೊದಲು ಹೇಳಿ ಮುಂದಕ್ಕೆ ಹೋಗುತ್ತೇನೆ.

ನಡುವೆ ನನಗೆ ಸ್ವಲ್ಪ ಹುಷಾರಿರಲಿಲ್ಲ. ಕನ್ನಡಕದ ಅಂಗಡಿಗೆ ರಜೆ ಹಾಕಿ ಮನೆಯಲ್ಲೇ ಬಿದ್ದುಕೊಂಡಿದ್ದೆ. ಈಗ ಪರವಾಗಿಲ್ಲ, ಬರುವ ವಾರದಿಂದ ಮತ್ತೆ ಗಾಜು ಉಜ್ಜಲು ಹೋಗುತ್ತೇನೆ. ಆ ವಿಷಯ ಬಿಡು. ಇವತ್ತು ನಿನಗೆ ಹೇಳಬೇಕೆಂದು ಕೂತಿರುವುದು ನನ್ನ ಅತ್ತೆಯ ವಿಷಯ. ನಗಬೇಡ. ಹೌದು, ಅದೇ ಅತ್ತೆ. ನನ್ನ ಮದುವೆಯ ಊಟದ ಸಾಲಿನಲ್ಲಿ ನಿಂತು "ಮುಂದೆ ಸರೀರಿ, ಮುಂದೆ ಸರೀರಿ, ಬಾಗಿಲ ಹತ್ರ ನಿಲ್ಬೇಡಿ" ಎಂದು ಕೂಗಿದಾಗ ನೀನು ನನ್ನ ತೋಳು ಚಿವುಟಿ, "ನಿನ್ನ ಗತಿ ಏನೇ" ಎಂದಿದ್ದೆಯಲ್ಲ, ಅವರೇ. ಬಸ್ ಕಂಡಕ್ಟರ್ ಕೆಲಸದಿಂದ ನಿವೃತ್ತಿಯಾಗಿ ವರ್ಷಗಳಾದರೂ ಅವರ ದನಿಗೆ ಮಾತ್ರ ಇನ್ನೂ ನಿವೃತ್ತಿಯಾಗಿಲ್ಲ.

ನಾನು ಹಾಸಿಗೆ ಹಿಡಿದ ಮೇಲೆ ಅವರು ಊರಿನ ಆ ಕೊನೆಯ ತಮ್ಮ ಮನೆಗೆ ಬೀಗ ಹಾಕಿ, ಒಂದೇ ಒಂದು ಚೀಲ ಹಿಡಿದು ಬಂದರು. ಬಂದವರು ನನ್ನ ತಲೆ ಸವರಲಿಲ್ಲ, ಹೇಗಿದ್ದೀಯ ಎಂದು ಕೇಳಲಿಲ್ಲ. ಅಡುಗೆಮನೆಯ ಕಿಟಕಿಯಲ್ಲಿ ನಿಂತು ಹಿತ್ತಲು ನೋಡಿ, "ಅದೇನದು ಮೂಲೆಯಲ್ಲಿ?" ಎಂದರು.

ನೀನು ಈ ಮನೆಗೆ ಬಂದಿಲ್ಲವಲ್ಲ, ಹೇಳುತ್ತೇನೆ ಕೇಳು. ಅಡುಗೆಮನೆಯ ಹಿಂದೆ ಬಟ್ಟೆ ಒಗೆಯುವ ಕಲ್ಲು, ಅದರ ಪಕ್ಕದಲ್ಲಿ ತಾರಸಿಯ ನೀರು ಇಳಿಯುವ ಕೊಳವೆ. ಎರಡರ ನೀರೂ ಹರಿದು ಹಿಂಗೋಡೆಯ ಮೂಲೆಯ ತಗ್ಗಿಗೆ ಹೋಗಿ ಸೇರುತ್ತದೆ. ಮಳೆ ಬಂದರೆ ಅಲ್ಲಿ ಕಾಲಿಟ್ಟ ಚಪ್ಪಲಿ ವಾಪಸ್ಸು ಬರುವುದಿಲ್ಲ. ಮಳೆ ನಿಂತ ನಾಲ್ಕೇ ದಿನಕ್ಕೆ ಬೆರಳು ತೂರುವಷ್ಟು ಬಿರುಕು. ಏನು ನೆಟ್ಟರೂ ಮೊದಲು ಕೊಳೆಯುತ್ತದೆ, ಇಲ್ಲವೆ ಆಮೇಲೆ ಸುಟ್ಟುಹೋಗುತ್ತದೆ. ನನ್ನ ಯಜಮಾನರು ಕಟ್ಟಡದ ನಕ್ಷೆ ಬರೆಯುವ ಮನುಷ್ಯ. ಜಗತ್ತಿನ ಯಾವ ತೊಂದರೆಯಾದರೂ ಸರಿ, ಅವರ ಉತ್ತರ ಸಿಮೆಂಟು. ಅಲ್ಲಿಗೂ ಸಿಮೆಂಟು ಸುರಿಸುವ ಲೆಕ್ಕಾಚಾರ ನಡೆದಿತ್ತು.

"ನೀರು ತಾನಾಗೇ ಹುಡುಕ್ಕೊಂಡು ಬಂದು ಕೂರೋ ಜಾಗ ಅದು," ಎಂದರು ಅತ್ತೆ. "ಅದನ್ನ ಯಾಕೋ ಓಡಿಸ್ತೀಯ? ಸರಿಯಾಗಿ ಕೂರಿಸು."

"ಕೂತ್ರೆ ಸೊಳ್ಳೆ ಬರುತ್ತಮ್ಮ."

"ನಿಂತ ನೀರಿಗೆ ಸೊಳ್ಳೆ ಬರುತ್ತೆ. ಒದ್ದೆ ಮಣ್ಣಿಗೆ ಯಾಕೆ ಬರುತ್ತೆ? ನಾನೇನು ಕೆರೆ ಮಾಡ್ತೀನಿ ಅಂದ್ನಾ? ಜೌಗು ಮಾಡ್ತೀನಿ ಅಂದೆ."

ಅವರ ಬಸ್ಸು ಓಡುತ್ತಿದ್ದ ದಾರಿಯಲ್ಲಿ ಒಂದು ರೈಲ್ವೆ ಗೇಟು ಇತ್ತಂತೆ. ಗೇಟು ಬಿದ್ದಾಗಲೆಲ್ಲ ಬಸ್ಸು ಒಂದು ಜೌಗಿನ ಪಕ್ಕ ನಿಲ್ಲುತ್ತಿತ್ತಂತೆ. ಸುತ್ತ ಎಲ್ಲ ಒಣಗಿ ಬೂದಿಬಣ್ಣವಾದಾಗಲೂ ಆ ಒಂದು ತುಂಡು ನೆಲ ಹಸಿರಾಗಿ, ಜೊಂಡಿನ ತುದಿಯಲ್ಲಿ ಹಕ್ಕಿ ಕೂತು ತೂಗುತ್ತಿತ್ತಂತೆ. ಪ್ರಯಾಣಿಕರು ಗೇಟಿನವನಿಗೆ ಶಾಪ ಹಾಕುವಾಗ ಇವರೊಬ್ಬರು ಮೆಟ್ಟಿಲ ಮೇಲೆ ನಿಂತು ಅದನ್ನೇ ನೋಡುತ್ತಿದ್ದರಂತೆ. "ನನ್ನ ಸರ್ವೀಸಿನಲ್ಲಿ ನಾನು ಕೂತು ನೋಡಿದ ಸಿನಿಮಾ ಅದೊಂದೇ," ಎಂದರು. ಕೂತು ಅಲ್ಲ, ನಿಂತು. ನಾನು ತಿದ್ದಲಿಲ್ಲ. ಆ ದಿನಗಳಲ್ಲಿ ನಾನು ಯಾರ ಮಾತಿಗೂ ಮಾತು ಸೇರಿಸುತ್ತಿರಲಿಲ್ಲ.

ಮಾರನೆಯ ಬೆಳಿಗ್ಗೆ ನನ್ನ ಕೋಣೆಗೆ ಬಂದು, "ಏಳು, ಹಗ್ಗದ ಆ ತುದಿ ಹಿಡ್ಕೋ. ಒಬ್ಬಳೇ ಎರಡು ಕಡೆ ನಿಲ್ಲೋಕಾಗಲ್ಲ," ಎಂದರು. ಏಳಲು ನನಗೆ ಒಂಚೂರೂ ಮನಸ್ಸಿರಲಿಲ್ಲ. ಆದರೆ ಅತ್ತೆ ಬಾಗಿಲಲ್ಲಿ ನಿಂತ ರೀತಿ ಹೇಗಿತ್ತೆಂದರೆ, ನಾನು ಏಳದಿದ್ದರೆ ಬಸ್ಸೇ ಹೊರಡುವುದಿಲ್ಲ ಎನ್ನುವ ಹಾಗೆ. ಎದ್ದೆ. ಬಟ್ಟೆ ಒಣಹಾಕುವ ಹಗ್ಗವನ್ನು ನೆಲದ ಮೇಲೆ ಬಿಟ್ಟು, ಅದನ್ನು ಅಲ್ಲಿ ಇಲ್ಲಿ ಕಾಲಿನಿಂದ ತಳ್ಳಿ, ಗೋಡಂಬಿಯಾಕಾರದ ಒಂದು ಗೆರೆ ಮಾಡಿದರು. ಅದರುದ್ದಕ್ಕೂ ಬೂದಿ ಚೆಲ್ಲಿದರು. ಯಜಮಾನರು ತಮ್ಮ ನಕ್ಷೆ ತಂದು ತೋರಿಸಿದರೆ, "ಚೌಕಾಕಾರದ ಜೌಗನ್ನ ಎಲ್ಲಾದ್ರೂ ಕಂಡಿದ್ದೀಯೇನೋ?" ಎಂದು ಅದನ್ನು ಮಡಿಚಿ ಅವರ ಜೇಬಿಗೇ ತುರುಕಿದರು.

ಅಗೆಯುವ ಕೆಲಸ ಅವರದೇ. ಮಗನ ಹಳೆಯ ಬೂಟು ಹಾಕಿಕೊಂಡು, ಸೀರೆ ಎತ್ತಿ ಕಟ್ಟಿ, ಬಿಸಿಲೇರುವ ತನಕ ಅಗೆಯುತ್ತಿದ್ದರು. ಎಪ್ಪತ್ತರ ಹತ್ತಿರದ ಹೆಂಗಸು! ಮೇಲಿನ ಒಳ್ಳೆಯ ಮಣ್ಣು ಒಂದು ಕಡೆ, ಅಡಿಯ ಕೆಂಪು ಗಟ್ಟಿ ಮಣ್ಣು ಇನ್ನೊಂದು ಕಡೆ. ಭಾನುವಾರ ಬಂದರೆ ಯಜಮಾನರೂ ಗುದ್ದಲಿ ಹಿಡಿಯುತ್ತಿದ್ದರು. ನನ್ನನ್ನು ಮಾತ್ರ ಮುಟ್ಟಗೊಡಲಿಲ್ಲ. "ನೀನು ಭಾರ ಎತ್ತಬೇಡ. ಮಣೆ ಹಾಕ್ಕೊಂಡು ಒಳಗೆ ಕೂತ್ಕೋ. ಕೈಯಾಡಿಸಿ ಚೂಪು ಕಲ್ಲು ಆರಿಸು. ಒಂದು ಉಳಿದ್ರೂ, ನೀರು ಹಿಡಿಯೋಕೆ ಮೇಲೆ ಹಾಸೋ ಟಾರ್ಪಾಲು ಹರಿಯುತ್ತೆ."

ಮೊದಮೊದಲು ನಾನು ಸುಮ್ಮನೆ ಕೂತಿರುತ್ತಿದ್ದೆ ಅಕ್ಕ. ಹೊಂಡದಲ್ಲಿ ಕೂತರೆ ನನ್ನ ಭುಜದವರೆಗೂ ನೆಲ, ಸುತ್ತಲೂ ತಂಪು. ತಲೆ ತಗ್ಗಿಸಿದರೆ ಯಾರಿಗೂ ಕಾಣುವುದಿಲ್ಲ. ಆಮೇಲೆ ಕೈ ತಾನಾಗಿಯೇ ಮಣ್ಣಿನ ಮೇಲೆ ಆಡತೊಡಗಿತು. ಇಡೀ ದಿನ ಗಾಜಿನ ಅಂಚು ಸವರಿ ನೋಡುವ ಬೆರಳಲ್ಲವೇ ನನ್ನದು? ಕಲ್ಲಿನ ಮೊನೆ ಎಲ್ಲಿದೆ ಎಂದು ಕಣ್ಣಿಗಿಂತ ಮೊದಲು ಅದಕ್ಕೇ ಗೊತ್ತಾಗುತ್ತಿತ್ತು. ಅತ್ತೆ ಮೇಲೆ ಅಗೆಯುತ್ತಾ ತಮ್ಮ ಪ್ರಯಾಣಿಕರ ಕಥೆ ಹೇಳುತ್ತಿದ್ದರು. ಟಿಕೆಟ್ ತಪ್ಪಿಸಲು ಕೋಳಿಬುಟ್ಟಿಯ ಹಿಂದೆ ಅಡಗಿದವನ ಕಥೆ, ಇಳಿಯುವ ಜಾಗ ಮರೆತು ಕೊನೆಯ ನಿಲ್ದಾಣದವರೆಗೂ ಜಗಳವಾಡುತ್ತಲೇ ಹೋದ ಗಂಡಹೆಂಡಿರ ಕಥೆ. ನಾನು ಹೂಂಗುಟ್ಟಬೇಕೆಂದು ಅವರು ಯಾವತ್ತೂ ಕಾಯಲಿಲ್ಲ. ಅದಕ್ಕೇ ಒಂದು ದಿನ ನನಗೇ ಗೊತ್ತಿಲ್ಲದೆ ಹೂಂ ಎಂದೆ.

ಹೊಂಡ ಆಯಿತು. ಅದರ ತಳಕ್ಕೆ ಮೆತ್ತೆಯ ಹಾಗೆ ಹಳೆಯ ಬಟ್ಟೆ ಹಾಸಬೇಕೆಂದರು. ತಮ್ಮ ಮನೆಗೆ ಹೋಗಿ ಗಂಟು ತಂದು ಬಿಚ್ಚಿದರು, ಎಲ್ಲ ಖಾಕಿ! ಅವರ ಸಮವಸ್ತ್ರದ ಕೋಟುಗಳು. ಜೇಬಿನ ಅಂಚು ಚಿಲ್ಲರೆ ಹಾಕಿ ಹಾಕಿ ಸವೆದಿತ್ತು. "ಅತ್ತೆ, ಇದನ್ನಾ?" ಎಂದೆ. "ಅಷ್ಟು ವರ್ಷ ನನ್ನನ್ನ ಜನರ ಮೊಣಕೈಯಿಂದ ಕಾಪಾಡ್ತು. ಇನ್ನು ಟಾರ್ಪಾಲನ್ನ ಕಲ್ಲಿನಿಂದ ಕಾಪಾಡ್ಲಿ ಬಿಡು," ಎಂದು ಒಂದೊಂದನ್ನೇ ಕೊಡವಿ ಹಾಸಿದರು. ಅಷ್ಟೂ ಸಾಲಲಿಲ್ಲ. ನಾನು ಬೀರುವಿನಿಂದ ಹಳೆಯ ಹೊದಿಕೆ ತಂದೆ, ಅದರ ಜೊತೆಗೆ ಕೆಳಗಿನ ಗೂಡಿನಲ್ಲಿದ್ದ ಮೆತ್ತನೆಯ ಬಿಳಿ ಬಟ್ಟೆಯ ಕಟ್ಟನ್ನೂ ತಂದು ಕೊಟ್ಟೆ. ಅತ್ತೆ ಅದನ್ನು ಕೈಯಲ್ಲಿ ಹಿಡಿದು ನೋಡಿದರು. ಒಳಗೆ ಹೋಗಿ, ಕೈ ತೊಳೆದು, ಅದನ್ನು ಇದ್ದ ಜಾಗದಲ್ಲೇ ಇಟ್ಟು ಬಂದರು. "ಅದು ಹೊಸದು," ಎಂದರು. "ಹೊಸ ಬಟ್ಟೆ ಮಣ್ಣಿಗೆ ಹಾಕಲ್ಲ."

ಟಾರ್ಪಾಲು ತಂದವರು ಡಿಪೋದ ಹಳೆಯ ಮೆಕ್ಯಾನಿಕ್ಕು, ಅತ್ತೆಯ ಗೆಳೆಯರು. ಬಸ್ಸಿನ ತಲೆಯ ಮೇಲಿನ ಸಾಮಾನಿಗೆ ಹೊದಿಸುತ್ತಿದ್ದ ದಪ್ಪ ರಬ್ಬರಿನದು. ಆನೆ ನಡೆದರೂ ಹರಿಯದು ಎಂದು ಅವರು ಆಣೆ ಹಾಕಿ ಹೇಳಿದರು. ನಾಲ್ವರೂ ನಾಲ್ಕು ಮೂಲೆ ಹಿಡಿದು ಹೊಂಡಕ್ಕೆ ಇಳಿಬಿಟ್ಟೆವು. "ಎಳೀಬೇಡಿ, ಸಡಿಲ ಬಿಡಿ. ಮಣ್ಣಿನ ಭಾರ ಬಿದ್ದಾಗ ಅದಕ್ಕೂ ಒಂಚೂರು ಸರಿಯೋಕೆ ಜಾಗ ಬೇಕು," ಎಂದು ಅತ್ತೆಯ ಕೂಗು. ಅಂಚಿಗೆ ಕಲ್ಲು ಹೇರಿ, ತೆಗೆದ ಮಣ್ಣಿಗೆ ಎಲೆಗೊಬ್ಬರ ಬೆರೆಸಿ ತುಂಬಿ, ಕಾಬಾಳೆ, ಜರೀಗಿಡ, ಅಗಲ ಎಲೆಯ ಕೆಸು, ಎಲ್ಲವನ್ನೂ ನೆಟ್ಟೆವು. ಉದ್ದದವು ಹಿಂದೆ, ಗಿಡ್ಡದವು ಮುಂದೆ. "ಹಿಂದಿನ ಸೀಟಿನವರಿಗೂ ಗಾಳಿ ಬರಬೇಕು," ಎಂದು ಎರಡು ಜರೀಗಿಡವನ್ನು ಎಬ್ಬಿಸಿ ಬೇರೆ ಕಡೆ ಕೂರಿಸಿದರು.

ಇಲ್ಲಿಗೆ ಕಥೆ ಮುಗಿದಿದ್ದರೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಕುಕ್ಕರ್ ಕೂಗುತ್ತಿದೆ, ನೋಡಿಕೊಂಡು ಬರುತ್ತೇನೆ.

ಸೋಮವಾರ ಸಂಜೆ

ನೋಡಿಕೊಂಡು ಬರುತ್ತೇನೆಂದು ಹೋದವಳು ಮಾರನೆಯ ದಿನ ಬಂದೆ. ಇರಲಿ, ಮುಂದಿನದು ಕೇಳು.

ಮಳೆ ಬಂತು. ಒಂದು ವಾರ ಬಿಡದೆ ಹೊಯ್ಯಿತು. ನಮ್ಮ ಜೌಗು ಗಂಜಿಯಾಯಿತು. ಕೋಲು ಚುಚ್ಚಿದರೆ ಗುಳುಗುಳು ಎನ್ನುತ್ತಾ ಕೊಳೆತ ಮೊಟ್ಟೆಯ ವಾಸನೆ. ಜರೀಗಿಡದ ಬುಡವೆಲ್ಲ ಕಪ್ಪು. ಮೇಲೆ ನಿಂತ ನೀರಿನಲ್ಲಿ ಸೊಳ್ಳೆಮರಿಗಳು ಕುಣಿಯುತ್ತಿದ್ದವು. ಹಿಂದಿನ ಮನೆಯ ಬೀಗ ರಿಪೇರಿಯವರು ಗೋಡೆಯ ಮೇಲೆ ತಲೆ ಹಾಕಿ, "ಏನ್ರೀ ಇದು, ಮೋರಿ ಕಟ್ಟಿದ್ದೀರೋ ತೋಟ ಮಾಡಿದ್ದೀರೋ? ಕಿಟಕಿ ತೆಗೆಯೋ ಹಾಗಿಲ್ಲ!" ಎಂದು ಕೂಗಾಡಿದರು. ಯಜಮಾನರ ಮುಖದಲ್ಲಿ ಸಿಮೆಂಟು ಮತ್ತೆ ಕಾಣಿಸಿತು.

ನಾನು ಅತ್ತೆಯನ್ನು ನೋಡುತ್ತಿದ್ದೆ. ಇಷ್ಟು ದನಿಯ ಮನುಷ್ಯರು ಸೋತರೆ ಹೇಗಿರುತ್ತಾರೆ ಎಂದು. ಅವರು ಸೊಂಟಕ್ಕೆ ಕೈ ಕೊಟ್ಟು, ಆ ಗಂಜಿಯನ್ನು ದಿಟ್ಟಿಸಿ, ಗೋಡೆಯ ಕಡೆ ತಿರುಗಿ ಹೇಳಿದರು: "ನಿಮ್ಮ ಮಾತು ಸರಿ. ಕೆಟ್ಟಿದ್ದು ನನ್ನಿಂದಲೇ. ಇನ್ನೊಂದು ವಾರ ಮೂಗು ಮುಚ್ಕೊಳ್ಳಿ, ಸರಿ ಮಾಡ್ತೀನಿ." ಅಷ್ಟೇ. ಸಬೂಬಿಲ್ಲ, ಮುನಿಸಿಲ್ಲ. ಬೀಗದವರಿಗೆ ಜಗಳಕ್ಕೆ ಹಿಡಿ ಸಿಗಲಿಲ್ಲ, ತಲೆ ಗೋಡೆಯಾಚೆ ಇಳಿಯಿತು.

ಆದರೆ ಎಲ್ಲಿ ಕೆಟ್ಟಿತೆಂದು ಅವರಿಗೂ ಹೊಳೆದಿರಲಿಲ್ಲ. ಬಾಗಿಲ ಮೆಟ್ಟಿಲಲ್ಲಿ ಕೂತು ಯೋಚಿಸುತ್ತಿದ್ದರು. ನಾನು ಪಕ್ಕದಲ್ಲಿ ಕೂತೆ. ನನಗೆ ಟಾರ್ಪಾಲು ಹಾಸಿದ ದಿನವೇ ಒಂದು ಅನುಮಾನ ಬಂದಿತ್ತು, ಬಾಯಿ ಬಿಟ್ಟಿರಲಿಲ್ಲ.

"ಅತ್ತೆ, ಹೂಕುಂಡಕ್ಕೆ ತಳದಲ್ಲಿ ತೂತು ಯಾಕಿರುತ್ತೆ?"

ಅವರು ನನ್ನ ಕಡೆ ತಿರುಗಿದರು. ವಾರಗಳ ಮೇಲೆ ನಾನಾಗಿ ಕೇಳಿದ ಮೊದಲ ಪ್ರಶ್ನೆ ಅದು. ಉತ್ತರ ಹೊಳೆದದ್ದಕ್ಕೋ, ನಾನು ಕೇಳಿದ್ದಕ್ಕೋ ಗೊತ್ತಿಲ್ಲ, ಅವರ ಮುಖ ಅರಳಿತು.

"ಅಯ್ಯೋ! ನಾನು ಬಾಗಿಲೇ ಇಲ್ಲದ ಬಸ್ಸು ಕಟ್ಟಿದ್ದೀನಲ್ಲೇ! ಹತ್ತಿದವರು ಇಳಿಯೋದು ಎಲ್ಲಿಂದ? ಮೊದಲೇ ಯಾಕೆ ಹೇಳಲಿಲ್ಲ?"

"ನೀವು ಉಸಿರು ಬಿಡೋಕೆ ಜಾಗ ಕೊಟ್ರಲ್ವಾ ಹೇಳೋದು?" ಎಂದೆ. ನಾವಿಬ್ಬರೂ ನಕ್ಕಿದ್ದು ಕೇಳಿ ಯಜಮಾನರು ಒಳಗಿನಿಂದ ಓಡಿಬಂದರು, ಏನಾಯಿತೋ ಎಂದು ಗಾಬರಿಯಾಗಿ.

ಮಳೆ ಬಿಟ್ಟ ಮೇಲೆ ಅಷ್ಟೂ ಮಣ್ಣನ್ನು ಮತ್ತೆ ಹೊರಗೆ ತೋಡಿದರು. ಯೋಚಿಸು, ನೆನೆದ ಮಣ್ಣು, ಒಂದೊಂದು ಬುಟ್ಟಿಯೂ ಒಂದೊಂದು ಹೆಣಭಾರ. ಅತ್ತೆ ಬೆನ್ನು ಹಿಡಿದುಕೊಂಡು ಎರಡು ದಿನ ಮಲಗಿದರು. ಎಣ್ಣೆ ತಿಕ್ಕಲು ಹೋದ ನನಗೆ, "ನಿಧಾನ, ಇದು ಹಳೇ ಗಾಡಿ," ಎಂದರು. ಮೂರನೆಯ ದಿನ ಮತ್ತೆ ಬೂಟು ಹಾಕಿದರು. ಕೆಲಸ ಕೆಟ್ಟಿತೆಂದು ಅವರು ಬೇಸರಪಟ್ಟಿರಬಹುದು, ಆದರೆ ಅದನ್ನು ಮೊದಲಿಂದ ಮಾಡಬೇಕಲ್ಲ ಎಂದು ಒಂದು ನಿಟ್ಟುಸಿರನ್ನೂ ನಾನು ಕೇಳಲಿಲ್ಲ. ನಾನಾಗಿದ್ದರೆ ಹೊದ್ದು ಮಲಗುತ್ತಿದ್ದೆ. ಮಲಗಿಯೇ ಇದ್ದೆನಲ್ಲ.

ತೂತು ಹಾಕುವ ದಿನ ಕವೆಗೋಲಿನಂಥ ತೋಟದ ಮುಳ್ಳುಗುದ್ದಲಿಯನ್ನು ನನ್ನ ಕೈಗೆ ಕೊಟ್ಟರು. "ನಿನ್ನ ಬುದ್ಧಿ, ನೀನೇ ಹಾಕು. ತಳದಲ್ಲಿ ಮಾತ್ರ, ದೂರದೂರಕ್ಕೆ. ಹೆಚ್ಚಿಗೆ ನೀರು ಮೆಲ್ಲಗೆ ಇಳಿದುಹೋಗಬೇಕು, ತೇವ ಉಳೀಬೇಕು."

ಹೊಂಡಕ್ಕೆ ಇಳಿದು ಮೊದಲ ಸಲ ಚುಚ್ಚಿದೆ. ರಬ್ಬರು ಒಳ್ಳೆ ಗಟ್ಟಿ, ಜಗ್ಗಲಿಲ್ಲ. ಮೈಭಾರ ಹಾಕಿ ಚುಚ್ಚಿದೆ, ಟಪ್ಪೆಂದು ಹೋಯಿತು. ಇನ್ನೊಂದು. ಮತ್ತೊಂದು. ಆಮೇಲೆ ನನಗೇನಾಯಿತೋ ಅಕ್ಕ, ದೂರದೂರವೂ ಇಲ್ಲ, ಲೆಕ್ಕವೂ ಇಲ್ಲ, ಒಂದೇ ಸಮನೆ ಚುಚ್ಚುತ್ತಿದ್ದೆ. ಬಾಯಿಂದ ಏನೋ ಶಬ್ದ ಬರುತ್ತಿತ್ತು. ಕಣ್ಣು ಮೂಗು ಎಲ್ಲ ಸುರಿಯುತ್ತಿತ್ತು. ಯಜಮಾನರು ಮೇಲೆ ದಿಕ್ಕು ತೋಚದೆ ನಿಂತುಬಿಟ್ಟರು. ಅತ್ತೆ ಬೂಟು ಸಮೇತ ಕೆಳಗಿಳಿದು ಬಂದರು. ನನ್ನ ಕೈಯಿಂದ ಮುಳ್ಳುಗುದ್ದಲಿಯನ್ನು ಕಿತ್ತುಕೊಳ್ಳಲಿಲ್ಲ. ನನ್ನ ಮಣಿಕಟ್ಟಿನ ಮೇಲೆ ತಮ್ಮ ಒರಟು ಕೈಯಿಟ್ಟು, ನಾನು ಚುಚ್ಚಿದ ಕಡೆಗೆಲ್ಲ ತಾವೂ ಕೈ ಜೊತೆಗೆ ಒಯ್ದರು, ನನ್ನ ಬಲ ಕುಗ್ಗುವ ತನಕ. ಆಮೇಲೆ ಕಿವಿಯ ಹತ್ತಿರ ಹೇಳಿದರು, "ಸಾಕಮ್ಮ. ನಾವು ಜರಡಿ ಮಾಡ್ತಾ ಇಲ್ಲ."

ಹೆಚ್ಚಾದ ತೂತಿಗೆ ಮೆಕ್ಯಾನಿಕ್ಕು ಬಂದು ಟ್ಯೂಬಿನ ತೇಪೆ ಹಾಕಿಕೊಟ್ಟರು. ಉಳಿದ ತೂತುಗಳು ಮಣ್ಣು ಕೂತು ಮುಚ್ಚದಿರಲೆಂದು ಮೇಲೆ ಜಲ್ಲಿ ಹರಡಿದೆವು. ಯಜಮಾನರು ತಾವಾಗಿಯೇ ಒಂದು ಉಪಾಯ ಹೇಳಿದರು: ಹಳೆಯ ನೀರಿನ ಪೈಪಿಗೆ ಉದ್ದಕ್ಕೂ ಸಣ್ಣ ತೂತು ಕೊರೆದು ಜಲ್ಲಿಯ ಮೇಲೆ ಮಲಗಿಸುವುದು, ಒಂದು ತುದಿ ಮಣ್ಣಿನಿಂದ ಹೊರಗಿರಲಿ, ಬೇಸಿಗೆಯಲ್ಲಿ ಅದರೊಳಗೆ ನೀರು ಹೊಯ್ದರೆ ನೇರ ಬೇರಿಗೇ ಹೋಗುತ್ತದೆ. "ಪರವಾಗಿಲ್ವೋ, ಸಿಮೆಂಟು ಬಿಟ್ಟು ಬೇರೇದೂ ಗೊತ್ತು ನಿನಗೆ," ಎಂದರು ಅತ್ತೆ. ನನ್ನ ಗಂಡ ಇಡೀ ದಿನ ಶಾಲೆಯಲ್ಲಿ ಬಹುಮಾನ ಬಂದವರ ಹಾಗೆ ಓಡಾಡಿದರು.

ಈಗ ನೀನು ಬಂದು ನೋಡಬೇಕು. ವಾರವಾಯಿತು, ಒಂದು ಹನಿ ಮಳೆಯಿಲ್ಲ. ಬೆಳಿಗ್ಗೆ ಒಂದು ಹಿಡಿ ಮಣ್ಣು ತೆಗೆದು ಹಿಂಡಿದೆ. ನೀರು ತೊಟ್ಟಿಕ್ಕುವುದಿಲ್ಲ, ಆದರೆ ಉಂಡೆ ಒಡೆಯುವುದೂ ಇಲ್ಲ, ಅಂಗೈಯಲ್ಲಿ ತಣ್ಣಗೆ ಕೂರುತ್ತದೆ. ವಾಸನೆ ಮಳೆ ಬಿದ್ದ ನೆಲದ್ದು. ಕಾಬಾಳೆ ಕೆಂಪಗೆ ಹೂ ಬಿಟ್ಟಿದೆ. ಎಲ್ಲಿಂದಲೋ ಒಂದು ಕಪ್ಪೆ ಬಂದು ಕೆಸುವಿನ ಕೆಳಗೆ ಬಾಡಿಗೆಯಿಲ್ಲದೆ ಸಂಸಾರ ಹೂಡಿದೆ. ಕೆಂಪು ಏರೋಪ್ಲೇನ್ ಚಿಟ್ಟೆಗಳು ಬರುತ್ತವೆ, ಸೊಳ್ಳೆ ಇಲ್ಲ. ಬೀಗದವರು ಮೊನ್ನೆ ಗೋಡೆಯ ಮೇಲಿಂದ ಒಂದು ಬಕೆಟ್ ಇಳಿಬಿಟ್ಟರು, ಒಳಗೆ ಜೊಂಡಿನ ಗೆಡ್ಡೆ. "ಕಾಲುವೆ ಹತ್ರ ಇತ್ತು, ತಂದೆ," ಎಂದು ಗೊಣಗಿ ಮಾಯವಾದರು. ಅತ್ತೆ ಅದನ್ನು ಹಿಂಗೋಡೆಯ ಪಕ್ಕದಲ್ಲೇ ನೆಟ್ಟರು, ಅವರ ಕಿಟಕಿಗೆ ಕಾಣುವ ಹಾಗೆ.

ಇವತ್ತು ಅತ್ತೆ ಹೊರಟರು. ಇನ್ನೂ ಸ್ವಲ್ಪ ದಿನ ಇರಿ ಎಂದು ನಾನು ಬಾಯಿಬಿಟ್ಟು ಕೇಳಿದೆ, ನಿಜವಾಗಿ ಕೇಳಿದೆ. "ನಿನಗೆ ಈಗ ನನ್ನ ಅಗತ್ಯ ಇಲ್ಲ. ಆದ್ರೆ ನೋಡಬೇಕು ಅನ್ಸಿದ್ರೆ ಬಾ, ಅದು ಬೇರೆ ವಿಷಯ," ಎಂದರು. ನಿಲ್ದಾಣದವರೆಗೂ ಹೋದೆ. ಬಸ್ಸು ಹತ್ತಿದವರು ಸುಮ್ಮನೆ ಕೂರುವುದು ಬಿಟ್ಟು, "ಒಳಗೆ ಸರೀರಿ, ಬಾಗಿಲಲ್ಲಿ ಗುಂಪು ಬೇಡ," ಎಂದು ಶುರು ಮಾಡಿದರು. ನಿಜವಾದ ಕಂಡಕ್ಟರ್ ಹುಡುಗಿ ಕಣ್ಣು ಕಣ್ಣು ಬಿಡುತ್ತಿದ್ದಳು. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ನಿಂತಿದ್ದೆ. ಅಕ್ಕ, ನಾನು ಇವರನ್ನು ಮದುವೆಯ ದಿನದಿಂದ ಸಹಿಸಿಕೊಳ್ಳುತ್ತಿದ್ದೇನೆ ಎಂದುಕೊಂಡಿದ್ದೆ. ಇಂಥವರ ಮನೆಗೆ ಬಂದು ಸೇರಿದ್ದು ನನ್ನ ಪುಣ್ಯ ಎಂದು ಇವತ್ತು ಹೇಳಿದರೆ ನೀನು ನನ್ನ ತಲೆ ಮುಟ್ಟಿ ಜ್ವರ ನೋಡುತ್ತೀಯೇನೋ.

ಭಾವನಿಗೆ ನನ್ನ ನಮಸ್ಕಾರ ತಿಳಿಸು. ನಿದ್ದೆಗೆಟ್ಟು ಸಿಡುಕುತ್ತಿದ್ದರೆ ಸಹಿಸಿಕೋ, ನೀನು ಸಿಡುಕಿದಾಗ ಅವರೂ ಸಹಿಸಿಕೊಳ್ಳಲಿ. ನಿನ್ನ ಪುಟ್ಟ ಯಜಮಾನಿ ಹೊಟ್ಟೆ ತುಂಬ ಹಾಲು ಕುಡಿದು, ಮೈತುಂಬಿ, ನೂರು ಕಾಲ ಬಾಳಲಿ. ಅವಳ ಅಂಗಾಲಿಗೆ ನನ್ನದೊಂದು ಮುತ್ತು.

ನಿನ್ನ ತಂಗಿ,
ಮೊಂಡಿ

ಮರೆತ ಮಾತು:

ಮರೆತದ್ದಲ್ಲ. ಇದನ್ನು ಬರೆಯಲೆಂದೇ ಇಷ್ಟು ಹಾಳೆ ತುಂಬಿಸಿದೆ.

ನಾನೂ ಬಸುರಿಯಾಗಿದ್ದೆ ಅಕ್ಕ. ಐದನೆಯ ತಿಂಗಳು. ನಿನ್ನ ಹೆರಿಗೆಯಾಗಲಿ, ಎದುರಿಗೇ ಬಂದು ಹೇಳಿ ನಿನ್ನನ್ನು ಬೆಚ್ಚಿಬೀಳಿಸೋಣ ಎಂದು ಎಲ್ಲರ ಬಾಯಿಗೂ ಬೀಗ ಹಾಕಿಸಿದ್ದೆ. ನಿನಗೆ ಮಗಳು ಹುಟ್ಟಿದಳು ಎಂದು ಭಾವ ಫೋನ್ ಮಾಡಿದಾಗ ನಾನು ಆಸ್ಪತ್ರೆಯಲ್ಲಿದ್ದೆ. ಎಲ್ಲ ಮುಗಿದಿತ್ತು. ನನ್ನದೂ ಹೆಣ್ಣೇ. ಬಾಣಂತಿಗೆ ಹೇಳಬಾರದೆಂದು ಆಮೇಲೂ ಯಾರೂ ಹೇಳಲಿಲ್ಲ. ನೀನು ಕಳಿಸಿದ ಫೋಟೋವನ್ನು ನಾನು ಲಕೋಟೆಯಿಂದ ತೆಗೆದಿರಲಿಲ್ಲ.

ಅತ್ತೆಗೂ ಹಿಂದೆ ಹೀಗೇ ಒಂದು ಹೋಗಿತ್ತಂತೆ. ನಿನ್ನೆ ನಲ್ಲಿಯ ಹತ್ತಿರ ಕಾಲು ತೊಳೆಯುತ್ತಾ ಹೇಳಿದರು. "ಆಗ ನಾನು ಯಾರಿಗೂ ಹೇಳ್ಲಿಲ್ಲ. ಸೀಟಿ ಊದ್ಕೊಂಡು ಡ್ಯೂಟಿಗೆ ಹೋದೆ. ಒಳ್ಳೇದು ಮಾಡ್ದೆ ಅಂತ ತುಂಬ ದಿನ ಅಂದ್ಕೊಂಡಿದ್ದೆ. ನಿನ್ನ ಅಕ್ಕನಿಗೆ ಬರೆ. ಅವಳಿಗೆ ಅಳೋಕೆ ಅವಕಾಶ ಕೊಡು," ಎಂದರು. ಅದಕ್ಕೇ ಬರೆದೆ.

ಇವತ್ತು ಅವರನ್ನು ಬಸ್ಸಿಗೆ ಹತ್ತಿಸಿ ಬಂದು ಫೋಟೋ ತೆಗೆದು ನೋಡಿದೆ. ಕಿವಿ ನಿನ್ನದೇ, ಪಾಪ. ಹೆಸರನ್ನು ನೀನೇ ಆರಿಸು ಎಂದು ನನಗೆ ಬರೆದಿದ್ದೆ, ಕಾದು ಕಾದು ನೀವೇ ಇಟ್ಟಿರುತ್ತೀರಿ. ಏನೆಂದು ಕರೆಯುತ್ತೀರಿ? ನನಗೆ ಬರೆ. ಕಾಗದ ಬಂದ ತಕ್ಷಣ ಬಾಗಿಲಲ್ಲೇ ನಿಂತು, ಜೋರಾಗಿ ಒಂದು ಸಲ ಕರೆದು ನೋಡಬೇಕು.